ಮಾಸ್ಟರ್ ಪ್ಲಾನ್ ಕರಡಿಗೆ ಆರೋಗ್ಯದ ದೃಷ್ಟಿಯಿಂದ ಆಕ್ಷೇಪಣೆ ಬರೆಯುವುದು ಹೇಗೆ

ಯಾವ ಜಾಗ ಯಾವ ಬಳಕೆಗೆ ಎಂದು ಗೊತ್ತುಮಾಡುವ ಊರಿನ ಮಾಸ್ಟರ್ ಪ್ಲಾನ್‌ನ ಕರಡು ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸಲು 60 ದಿನ ಕಾಲಾವಕಾಶವಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 13ನೇ ಪ್ರಕರಣ ಕೊಟ್ಟ ಹಕ್ಕಿದು. ಜಮೀನು ಇದ್ದವರಿಗಷ್ಟೇ ಅಲ್ಲ, ಬಾಡಿಗೆ ಮನೆಯಲ್ಲಿ ಕಾರ್ಖಾನೆಯ ಹೊಗೆ ಕುಡಿಯುತ್ತಿರುವವರಿಗೂ ಇದೆ.

ಮೊದಲು ನಕ್ಷೆ ಓದಿ. ಸಾಮಾನ್ಯವಾಗಿ ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಹಸಿರು ಉದ್ಯಾನ. ನೇರಳೆಯು ಹಳದಿಗೆ ನೇರವಾಗಿ ತಾಗಿದ ಜಾಗಗಳನ್ನೆಲ್ಲ ಗುರುತು ಹಾಕಿಕೊಳ್ಳಿ. ನಕ್ಷೆ ನೋಡಿ ಅಲ್ಲಿಗೇ ನಿಲ್ಲಬೇಡಿ; ವಸತಿ ವಲಯದೊಳಗೂ ಯಾವ ಉದ್ಯಮಗಳಿಗೆ ಅನುಮತಿ ಇದೆ ಎಂಬ ಪಟ್ಟಿ ವಲಯ ನಿಯಮಾವಳಿಯಲ್ಲಿರುತ್ತದೆ.

ಆಮೇಲೆ ಸ್ಥಳಕ್ಕೆ ಹೋಗಿ. ದಿಶಾಂಕ್ ಆ್ಯಪ್‌ನಲ್ಲಿ ನಿಂತಲ್ಲೇ ಸರ್ವೆ ನಂಬರ್ ಸಿಗುತ್ತದೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯೊಂದಿಗೆ ತಾಳೆ ನೋಡಿ. ಗ್ರಾಮ ನಕ್ಷೆಯಲ್ಲಿರುವ ಕಾಲುವೆ ಕರಡಿನಲ್ಲಿ ಬಿಟ್ಟುಹೋಗಿದ್ದರೆ ಅದೇ ನಿಮ್ಮ ಮೊದಲ ಆಕ್ಷೇಪಣೆ. ಅದರ ಮೇಲೆ ಬಡಾವಣೆ ಎದ್ದರೆ ಮಳೆನೀರು ಕೊಳಚೆ ಸಮೇತ ಮನೆಗಳಿಗೆ ನುಗ್ಗುತ್ತದೆ, ಸಂಪು ಕೆಡುತ್ತದೆ.

ರಸ್ತೆಯ ವಿಷಯದಲ್ಲಿ ಒಟ್ಟು ಅಗಲ ಮಾತ್ರ ಬರೆದಿದ್ದರೆ ಒಪ್ಪಬೇಡಿ, ಅಷ್ಟೂ ವಾಹನಗಳ ಪಾಲಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಪಾದಚಾರಿ ಸೌಲಭ್ಯ ಮಾರ್ಗಸೂಚಿ ಐಆರ್‌ಸಿ 103ರ ಪ್ರಕಾರ ವಸತಿ ಪ್ರದೇಶದ ಫುಟ್‌ಪಾತ್‌ನಲ್ಲಿ ಕಂಬ, ಮರ, ಟ್ರಾನ್ಸ್‌ಫಾರ್ಮರ್ ಬಿಟ್ಟು ಕನಿಷ್ಠ 1.8 ಮೀಟರ್ ನಡೆಯುವ ಜಾಗ ಇರಬೇಕು, ರಸ್ತೆಯಿಂದ ಫುಟ್‌ಪಾತ್‌ನ ಎತ್ತರ 150 ಮಿಲಿಮೀಟರ್ ಮೀರಬಾರದು. ಟೇಪು ಹಿಡಿದು ಅಳೆದು, ರಸ್ತೆಯ ಅಡ್ಡಛೇದ ಚಿತ್ರದಲ್ಲೇ ಇದನ್ನು ಸೇರಿಸಲು ಕೇಳಿ.

ಉದ್ಯಾನದಲ್ಲಿ ಎಚ್ಚರ ಹೆಚ್ಚು ಬೇಕು. ಖಾಸಗಿ ಜಮೀನಿಗೆ ಹಸಿರು ಬಳಿದಿದ್ದನ್ನು ಕಂಡು ನೆಮ್ಮದಿಯಾಗಬೇಡಿ. 5 ವರ್ಷದೊಳಗೆ ಭೂಸ್ವಾಧೀನ ಪ್ರಕ್ರಿಯೆ ಶುರುವಾಗದಿದ್ದರೆ ಅದೇ ಕಾಯ್ದೆಯ 69ನೇ ಪ್ರಕರಣದಂತೆ ಆ ಮೀಸಲು ಬಿದ್ದುಹೋಗುತ್ತದೆ. ಹತ್ತಿರದಲ್ಲಿ ಖಾಲಿ ಸರ್ಕಾರಿ ಜಮೀನಿದ್ದರೆ ಅದರ ಸರ್ವೆ ನಂಬರ್ ಕೊಟ್ಟು, ಅಲ್ಲೇ ಉದ್ಯಾನ ಕೇಳುವುದು ಜಾಣತನ.

ಒಂದು ಬೇಡಿಕೆಗೆ ಒಂದು ಪತ್ರ ಬರೆಯಿರಿ. ಅದರಲ್ಲಿ ಗ್ರಾಮ, ಸರ್ವೆ ನಂಬರ್, ನಕ್ಷೆಯ ಹಾಳೆ ಸಂಖ್ಯೆ, ಕರಡಿನಲ್ಲಿರುವ ಬಳಕೆ, ನೀವು ಕೇಳುವ ಬಳಕೆ, ಕಾರಣ ಇರಲಿ. ಫೋಟೊ ಲಗತ್ತಿಸಿ. ‘ಜನರ ಆರೋಗ್ಯಕ್ಕೆ ತೊಂದರೆ’ ಎಂದಷ್ಟೇ ಬರೆದರೆ ಅಧಿಕಾರಿ ನಕ್ಷೆಯಲ್ಲಿ ಯಾವ ಗೆರೆ ತಿದ್ದಬೇಕೆಂದು ಗೊತ್ತಾಗದೆ ಪತ್ರ ಕಡತ ಸೇರುತ್ತದೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಿರ್ಧಾರ ತಿಳಿಸದಿದ್ದರೆ ಆ ಮುದ್ರೆಯ ಪ್ರತಿಯನ್ನಿಟ್ಟು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು.