ನೂಲು ಬಿಚ್ಚುವ ಕೆಲಸಕ್ಕೆ ಕ್ಯಾಮೆರಾ ಇಡುವುದು: ಶಿಡ್ಲಘಟ್ಟದಲ್ಲಿ ನನ್ನ ಅನುಭವ

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕದೊಳಗೆ ವಿಡಿಯೊ ತೆಗೆಯಲು ಕಾಲಿಟ್ಟ ಕೂಡಲೇ ನಾನು ನೋಡುವುದು ಕಿಟಕಿ ಯಾವ ಕಡೆ ಇದೆ ಅಂತ. ಗೂಡಿನ ಒಂದೆಳೆ 20 ಮೈಕ್ರಾನ್ ಆಸುಪಾಸಿನದು. ಏಳೆಂಟು ಎಳೆ ಕೂಡಿ ನೂಲಾದ ಮೇಲೂ, ಕ್ಯಾಮೆರಾದ ಹಿಂದಿನಿಂದ ಬೆಳಕು ಬಿದ್ದರೆ ಅದು ಚಿತ್ರದಲ್ಲಿ ಕಾಣುವುದೇ ಇಲ್ಲ. ಕಿಟಕಿ ನೂಲಿನ ಆಚೆ, ತುಸು ಪಕ್ಕಕ್ಕೆ ಇರಬೇಕು. ಹಿನ್ನೆಲೆಗೆ ಮಸಿ ಹಿಡಿದ ಗೋಡೆ ಬರಬೇಕು. ಆಗ ಎಳೆ ಬೆಳ್ಳಿಗೆರೆಯ ಹಾಗೆ ಎದ್ದು ಕಾಣುತ್ತದೆ. ಎಕ್ಸ್‌ಪೋಶರನ್ನು (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣ) ನೂಲಿಗೆ ಹೊಂದಿಸಿ. ಕಪ್ಪಾಗುವ ಮುಖಕ್ಕೆ ಈಚೆಯಿಂದ ಒಂದು ಬಿಳಿ ಥರ್ಮಾಕೋಲ್ ಶೀಟ್ ಹಿಡಿದರೆ ಸಾಕು.

ಈ ಕ್ಲೋಸಪ್‌ನಲ್ಲಿ ಆಟೋ ಫೋಕಸ್ ನಂಬುವಂತಿಲ್ಲ. ಅದು ನೂಲನ್ನು ಬಿಟ್ಟು ಹಿಂದಿನ ಕೈಯನ್ನೋ ಹಬೆಯನ್ನೋ ಹಿಡಿಯುತ್ತದೆ. 50 ಎಂಎಂ ಲೆನ್ಸ್, ಎಫ್/4 (ಲೆನ್ಸಿನ ತೆರಪಿನ ಅಳತೆ; ಅಂಕಿ ದೊಡ್ಡದಾದಷ್ಟೂ ತೆರಪು ಚಿಕ್ಕದು), ಎರಡಡಿ ದೂರ ಅಂದರೆ ಸ್ಪಷ್ಟವಾಗಿ ಕಾಣುವ ಆಳ ಎರಡು ಮೂರು ಸೆಂಟಿಮೀಟರ್ ಮಾತ್ರ. ಸ್ಕ್ರೀನಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ, ಕೈಯಿಂದಲೇ ಫೋಕಸ್ ಮಾಡಿ, ಆಮೇಲೆ ಟ್ರೈಪಾಡ್ ಅಲುಗಿಸಬೇಡಿ. ಬೆಳಗಿನ ಚಳಿಯಿಂದ ನೇರ ಬೇಸಿನ್ (ಗೂಡು ಹಾಕುವ ಬಿಸಿನೀರಿನ ತೊಟ್ಟಿ) ಹತ್ತಿರ ತಂದ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಬ್ಯಾಗಿನ ಜಿಪ್ ತೆಗೆಯದೆ ಅರ್ಧ ಗಂಟೆ ಒಳಗೇ ಇಟ್ಟರೆ ಗಾಜು ಕೋಣೆಯ ಬಿಸಿಗೆ ಹೊಂದಿಕೊಳ್ಳುತ್ತದೆ.

ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್ ಮಿನುಗುವುದೂ ಅದರ ಲೆಕ್ಕದಲ್ಲೇ. ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಸಮಯ) 1/50 ಸೆಕೆಂಡ್. 30 ಫ್ರೇಮಿಗೆ ಹೋಗಿ ಶಟರನ್ನು 1/60 ಮಾಡಿದರೆ ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿನುಗುತ್ತದೆ. ನೂಲು ಸುತ್ತಿಕೊಳ್ಳುತ್ತ ಮೋಟರಿನಲ್ಲಿ ತಿರುಗುವ ರಾಟೆ ಕೆಲವೊಮ್ಮೆ ಹಿಮ್ಮುಖವಾಗಿ ತಿರುಗಿದಂತೆ ಕಾಣುತ್ತದೆ. ಆ ಒಂದು ಶಾಟನ್ನು 50 ಫ್ರೇಮ್, 1/100 ಶಟರ್‌ನಲ್ಲಿ ತೆಗೆದು ನೋಡಿ.

ಬಣ್ಣದಲ್ಲಿ ಕ್ಯಾಮೆರಾ ಮೋಸ ಹೋಗುವುದು ಗೂಡಿನ ರಾಶಿಯ ಮುಂದೆ. ಸಿಬಿ (ಮಿಶ್ರತಳಿ) ಗೂಡು ಹಳದಿ. ಫ್ರೇಮ್ ತುಂಬ ಅದೇ ಇದ್ದರೆ ಆಟೋ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣವನ್ನು ಕ್ಯಾಮೆರಾ ತಾನೇ ಸರಿಪಡಿಸುವುದು) ಅದನ್ನು ಹಳದಿ ಬೆಳಕು ಅಂದುಕೊಂಡು ನೀಲಿ ಬೆರೆಸಿ, ಗೂಡಿನ ಬಣ್ಣವನ್ನೇ ಕೆಡಿಸುತ್ತದೆ. ಅದೇ ಜಾಗದ ಬೆಳಕಿನಲ್ಲಿ ಬಿಳಿ ಹಾಳೆ ಹಿಡಿದು ಮ್ಯಾನುಯಲ್ ಆಗಿ ಹೊಂದಿಸಿ. ಬೈವೋಲ್ಟಿನ್ (ದ್ವಿತಳಿ) ಗೂಡು ಬಿಳಿ. ಅಲ್ಲಿ ಆಟೋ ಎಕ್ಸ್‌ಪೋಶರ್ ಎಲ್ಲವನ್ನೂ ಬೂದು ಮಾಡುತ್ತದೆ, ಒಂದು ಸ್ಟಾಪ್ (ಅಂದರೆ ಬೆಳಕನ್ನು ಎರಡರಷ್ಟು) ಏರಿಸಬೇಕು. ರೇಷ್ಮೆ ಬೆಳೆಯುವವರು ಚಿತ್ರ ನೋಡಿದ ತಕ್ಷಣ ಇದು ಯಾವ ಗೂಡು ಅಂತ ಹೇಳುತ್ತಾರೆ. ಅವರಿಗೆ ತಪ್ಪು ಬಣ್ಣ ತೋರಿಸಬಾರದು.

ಒಂದು ಕೆಲಸಕ್ಕೆ ನಾನು ಐದು ಶಾಟ್ ತೆಗೆಯುತ್ತೇನೆ. ಬೇಸಿನ್, ರಾಟೆ, ಕೆಲಸಗಾರರು ಎಲ್ಲ ಒಟ್ಟಿಗೆ ಕಾಣುವ ಲಾಂಗ್ ಶಾಟ್. ಸೊಂಟದಿಂದ ಮೇಲಿನ ಮಿಡ್ ಶಾಟ್. ಬಿಸಿನೀರಿನಲ್ಲಿ ಎಳೆ ಹುಡುಕುವ ಬೆರಳು. ಮುಖದ ಕ್ಲೋಸಪ್. ಕೊನೆಗೆ ಹೆಗಲ ಹಿಂದಿನಿಂದ, ಅವರ ಕಣ್ಣಿಗೆ ಕಾಣುವುದು. ಪ್ರತಿಯೊಂದೂ ಹತ್ತು ಸೆಕೆಂಡಿಗೆ ಕಡಿಮೆ ಇರಬಾರದು. ಕೈ ಗೂಡಿನ ಕಡೆ ಹೋಗುವ ಮುಂಚೆಯೇ ರೆಕಾರ್ಡಿಂಗ್ ಶುರುವಾಗಿರಬೇಕು, ಎಳೆ ಸೇರಿಸಿದ ಮೇಲೂ ನಡೆಯುತ್ತಿರಬೇಕು. ಆ ಹೆಚ್ಚುವರಿ ಭಾಗ ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಲಾಂಗ್ ಶಾಟಿಗೂ ಕ್ಲೋಸಪ್‌ಗೂ ಕೈ ಕೂಡುವುದಿಲ್ಲ. ಫ್ರೇಮಿನ ಅಂಚು ಮಣಿಕಟ್ಟು, ಮಂಡಿ, ಕತ್ತಿನ ಮೇಲೆ ಬಂದರೆ ಅಂಗ ಕತ್ತರಿಸಿದಂತೆ ಕಾಣುತ್ತದೆ. ಕೀಲಿನಿಂದ ತುಸು ಮೇಲೆ ಇಲ್ಲವೇ ಕೆಳಗೆ ಇಡಿ.

ಕ್ಯಾಮೆರಾದ ಎತ್ತರದ ಬಗ್ಗೆ ನನ್ನದು ಖಚಿತ ಅಭಿಪ್ರಾಯ. ಕೂತು ದುಡಿಯುವವರನ್ನು ನಿಂತವರ ಎತ್ತರದಿಂದ ತೆಗೆದರೆ ಅವರು ಕುಗ್ಗಿ ಕಾಣುತ್ತಾರೆ. ಟ್ರೈಪಾಡ್ ಇಳಿಸಿ, ಲೆನ್ಸನ್ನು ಅವರ ಕಣ್ಣಿನ ಮಟ್ಟಕ್ಕೆ ತನ್ನಿ.

ಕೆಲಸಗಾರರಿಗೂ ರಾಟೆಗೂ ನಡುವೆ ಒಂದು ಗೆರೆ ಇದೆ ಅಂದುಕೊಂಡು ಐದೂ ಶಾಟನ್ನು ಅದರ ಒಂದೇ ಬದಿಯಿಂದ ತೆಗೆಯಬೇಕು. ದಾಟಿದರೆ ಎಡದಿಂದ ಬಲಕ್ಕೆ ಹೋಗುತ್ತಿದ್ದ ನೂಲು ಮುಂದಿನ ಶಾಟ್‌ನಲ್ಲಿ ಬಲದಿಂದ ಎಡಕ್ಕೆ ಹೋಗುತ್ತದೆ. ಜಾಗ ಇಕ್ಕಟ್ಟಾಗಿ ದಾಟಲೇಬೇಕಾದರೆ ನಡುವೆ ಬೆರಳಿನ ಕ್ಲೋಸಪ್ ಒಂದನ್ನು ಸೇರಿಸಿ.

ಹೊರಗೆ ಹಿಪ್ಪುನೇರಳೆ ತೋಟದಲ್ಲಿ ಸಮಸ್ಯೆ ತಿರುವುಮುರುವು, ಬೆಳಕು ಅತಿಯಾಗುತ್ತದೆ. ಮಟಮಟ ಮಧ್ಯಾಹ್ನ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಶಟರ್ 1/50 ಇಟ್ಟರೆ ಎಫ್/22 ಬೇಕಾಗುತ್ತದೆ. ಎಫ್/4 ಬೇಕಿದ್ದರೆ ಐದು ಸ್ಟಾಪ್ ತಡೆಯುವ ಎನ್‌ಡಿ 32 ಫಿಲ್ಟರ್ (ಲೆನ್ಸಿನ ಮುಂದಿಡುವ ಕಪ್ಪು ಗಾಜು) ಹಾಕಿ. ಅದರ ಬದಲು ಶಟರ್ ವೇಗ ಏರಿಸಿದರೆ ಗಾಳಿಗೆ ಅಲುಗುವ ಎಲೆಗಳ ಚಲನೆ ತಡವರಿಸಿದಂತೆ ಕಾಣುತ್ತದೆ. ಪ್ಯಾನ್ ಮಾಡುವುದಾದರೆ (ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸುತ್ತ ತೆಗೆಯುವುದಾದರೆ) ಒಂದು ಗಿಡ ಫ್ರೇಮಿನ ಈ ಅಂಚಿನಿಂದ ಆ ಅಂಚಿಗೆ ದಾಟಲು ಏಳು ಸೆಕೆಂಡ್ ಹಿಡಿಯಲಿ. ಶುರುವಿಗೂ ಕೊನೆಗೂ ಐದೈದು ಸೆಕೆಂಡ್ ಕ್ಯಾಮೆರಾ ನಿಂತಿರಲಿ.