ಆಂಟಿವೈರಸ್ ಸಾಲದಾದಾಗ: ಕಚೇರಿಯ ಕಂಪ್ಯೂಟರುಗಳಿಗೆ ಆ್ಯಪ್‌ಲಾಕರ್ ಹಾಕಿದ ಅನುಭವ

ಹುಬ್ಬಳ್ಳಿಯ ಒಂದು ತೆರಿಗೆ ಲೆಕ್ಕಪತ್ರದ ಕಚೇರಿಯ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಕ್ಲೈಂಟುಗಳು ತರುವ ಪೆನ್‌ಡ್ರೈವುಗಳು ಊರಿನ ಝೆರಾಕ್ಸ್ ಅಂಗಡಿಗಳನ್ನೆಲ್ಲ ಸುತ್ತಿ ಬಂದಿರುತ್ತವೆ. ಇ-ಮೇಲಿನಲ್ಲಿ ಬರುವ ಜಿಪ್ ಬಿಚ್ಚಿದರೆ ಪಿಡಿಎಫ್ ಚಿಹ್ನೆ ಹೊತ್ತ ಇಎಕ್ಸ್‌ಇ (ಒತ್ತಿದರೆ ಓಡುವ ಪ್ರೋಗ್ರಾಂ ಫೈಲು) ಕೂತಿರುತ್ತದೆ. ಅಂಥದೊಂದು ಫೈಲನ್ನು ಯಾರೋ ಬೆಳಿಗ್ಗೆ ಒತ್ತಿದರು. ದಿನಾ ಅಪ್‌ಡೇಟ್ ಆಗುತ್ತಿದ್ದ ಆಂಟಿವೈರಸ್ ಅದನ್ನು ಹಿಡಿದದ್ದು ಮರುದಿನ. ಅಷ್ಟರಲ್ಲಿ ಆ ಯಂತ್ರದ ಪಾಸ್‌ವರ್ಡುಗಳನ್ನೆಲ್ಲ ಬದಲಿಸಿ, ವಿಂಡೋಸನ್ನು ಹೊಸದಾಗಿ ಹಾಕಬೇಕಾಯಿತು.

ಆಂಟಿವೈರಸ್ ಬದಲಿಸಿ ಎಂದರು ಕೆಲವರು. ಅದರಿಂದ ಏನೂ ಆಗದು ಅಂತ ನನಗೆ ಅನ್ನಿಸಿತ್ತು. ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಕೋಹೆನ್ 1984ರಲ್ಲೇ ತೋರಿಸಿಕೊಟ್ಟ ಮಾತಿದು: ಯಾವ ಪ್ರೋಗ್ರಾಂ ಕೊಟ್ಟರೂ ಅದು ವೈರಸ್ಸೋ ಅಲ್ಲವೋ ಎಂದು ತಪ್ಪಿಲ್ಲದೆ ಹೇಳುವ ಪರೀಕ್ಷಕ ಪ್ರೋಗ್ರಾಂ ಇರಲು ಸಾಧ್ಯವಿಲ್ಲ. ಅಂಥದೊಂದು ಇದೆ ಎಂದುಕೊಳ್ಳಿ. ಅದನ್ನೇ ಒಳಗಿಟ್ಟುಕೊಂಡು, ಅದು ‘ವೈರಸ್’ ಎಂದರೆ ಸುಮ್ಮನಿರುವ, ‘ಅಲ್ಲ’ ಎಂದರೆ ಹರಡುವ ಪ್ರೋಗ್ರಾಂ ಬರೆದರೆ ಆ ಪರೀಕ್ಷಕದ ತೀರ್ಪು ಎರಡೂ ಕಡೆ ಸುಳ್ಳಾಗುತ್ತದೆ. ಲೆಕ್ಕದ ಮಾತು ಬಿಟ್ಟು ನಡೆದದ್ದನ್ನೇ ನೋಡಿದರೂ, 2013ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ತನ್ನ ಮೇಲಾದ ದಾಳಿಯ ಬಗ್ಗೆ ವರದಿ ಮಾಡಿದಾಗ ಹೊರಬಂದ ಲೆಕ್ಕ ಇದು: ದಾಳಿಕೋರರು ಹಾಕಿದ್ದ 45 ಪ್ರೋಗ್ರಾಂಗಳಲ್ಲಿ ಅವರ ಆಂಟಿವೈರಸ್ ಹಿಡಿದದ್ದು ಒಂದನ್ನು.

ಕೆಟ್ಟದ್ದರ ಪಟ್ಟಿಗೆ ಕೊನೆಯಿಲ್ಲ. ನಮ್ಮ ಕಚೇರಿಗೆ ಬೇಕಾದ್ದರ ಪಟ್ಟಿ ಮಾತ್ರ ಒಂದು ಹಾಳೆಯಲ್ಲಿ ಮುಗಿಯುತ್ತದೆ: ಟ್ಯಾಲಿ, ಆಫೀಸ್, ಬ್ರೌಸರ್, ಕನ್ನಡ ಟೈಪಿಂಗಿನ ನುಡಿ, ಡಿಜಿಟಲ್ ಸಹಿಯ ಟೋಕನ್ ಡ್ರೈವರ್, ಜಿಎಸ್‌ಟಿ ಮತ್ತು ಟಿಡಿಎಸ್ ಯುಟಿಲಿಟಿಗಳು. ಇವು ಬಿಟ್ಟು ಬೇರೇನೂ ರನ್ ಆಗಬಾರದು ಎಂದು ತೀರ್ಮಾನಿಸಿದೆ. ವಿಂಡೋಸ್ 7ರಿಂದಲೂ ಇರುವ ಆ್ಯಪ್‌ಲಾಕರ್ ಮಾಡುವುದು ಇದನ್ನೇ. ಬಹಳ ಕಾಲ ಇದು ಎಂಟರ್‌ಪ್ರೈಸ್ ಥರದ ಆವೃತ್ತಿಗಳವರ ಸೊತ್ತಾಗಿತ್ತು. ಈಗ ಅಪ್‌ಡೇಟ್ ಆದ ವಿಂಡೋಸ್ 10, 11ರ ಪ್ರೊ ಆವೃತ್ತಿಯಲ್ಲೂ ನಡೆಯುತ್ತದೆ.

ಮೊದಲು ಎಲ್ಲರ ಅಡ್ಮಿನ್ ಹಕ್ಕು ತೆಗೆದೆ. ಹಾಗೆ ತೆಗೆಯದಿದ್ದರೆ ಮುಂದಿನದೆಲ್ಲ ವ್ಯರ್ಥ. ಆಮೇಲೆ ಡೀಫಾಲ್ಟ್ ನಿಯಮಗಳು: ಪ್ರೋಗ್ರಾಂ ಫೈಲ್ಸ್ ಮತ್ತು ವಿಂಡೋಸ್ ಫೋಲ್ಡರಿನಲ್ಲಿದ್ದದ್ದು ಓಡಬಹುದು, ಡೌನ್‌ಲೋಡ್ಸ್, ಡೆಸ್ಕ್‌ಟಾಪ್, ಆ್ಯಪ್‌ಡೇಟಾ (ಪ್ರತಿ ಬಳಕೆದಾರನ ಪ್ರೋಗ್ರಾಂ ಮಾಹಿತಿ ಇರುವ ಫೋಲ್ಡರು), ಪೆನ್‌ಡ್ರೈವಿನಲ್ಲಿದ್ದದ್ದು ಓಡಬಾರದು. ಸ್ಕ್ರಿಪ್ಟುಗಳಿಗೂ ಇದೇ ನಿಯಮ. ಕೂಡಲೇ ಜಾರಿ ಮಾಡಲಿಲ್ಲ. ಏನನ್ನೂ ತಡೆಯದೆ ಬರೆದಿಡುವ ಆಡಿಟ್ ಮೋಡಿನಲ್ಲಿಟ್ಟು, ಒಂದು ತಿಂಗಳ ರಿಟರ್ನ್ ಕೆಲಸವೆಲ್ಲ ಮುಗಿಯುವವರೆಗೆ ವಿಂಡೋಸಿನ ದಾಖಲೆ ತೋರಿಸುವ ಈವೆಂಟ್ ವ್ಯೂವರಿನಲ್ಲಿ 8003 ಸಂಖ್ಯೆಯ ದಾಖಲೆಗಳನ್ನು ಓದಿದೆ. ಜಾರಿಯಾಗಿದ್ದರೆ ಯಾವುದು ನಿಲ್ಲುತ್ತಿತ್ತು ಎಂಬುದು ಅದರಲ್ಲಿ ಬರುತ್ತದೆ. ಯಾರದೋ ಹೆಸರಿಗೆ ಆ್ಯಪ್‌ಡೇಟಾದಲ್ಲಿ ಇನ್‌ಸ್ಟಾಲ್ ಆಗಿದ್ದ ಬ್ರೌಸರು, ಡೆಸ್ಕ್‌ಟಾಪಿನಿಂದಲೇ ಓಡುತ್ತಿದ್ದ ಯುಟಿಲಿಟಿ, ಹೀಗೆ ಒಂದೊಂದನ್ನೇ ಸರಿಯಾದ ಜಾಗಕ್ಕೆ ತಂದೆ. ತಯಾರಕರ ಡಿಜಿಟಲ್ ಸಹಿ ಇರುವವಕ್ಕೆ, ಆ ಸಹಿ ನೋಡಿ ಬಿಡುವ ಪಬ್ಲಿಷರ್ ನಿಯಮ ಕೊಟ್ಟೆ. ಫೈಲಿನ ಬೆರಳಚ್ಚಿನಂಥ ಸಂಖ್ಯೆ ನೋಡುವ ಹ್ಯಾಶ್ ನಿಯಮ ಪ್ರತಿ ಅಪ್‌ಡೇಟಿಗೂ ಹಾಳಾಗುವುದರಿಂದ ಅದನ್ನು ಆದಷ್ಟು ದೂರವಿಟ್ಟೆ.

ಇಡೀ ಕೆಲಸದ ಜೀವ ಇರುವುದು ಇಲ್ಲಿ: ಬಳಕೆದಾರ ಬರೆಯಬಲ್ಲ ಜಾಗದಿಂದ ಏನೂ ಓಡಬಾರದು, ಓಡುವ ಜಾಗದಲ್ಲಿ ಅವನು ಬರೆಯಬಾರದು. ಡೀಫಾಲ್ಟ್ ನಿಯಮ ಇದನ್ನು ಪೂರ್ತಿ ಪಾಲಿಸುವುದಿಲ್ಲ. ವಿಂಡೋಸ್ ಫೋಲ್ಡರಿನ ಒಳಗೇ ಟೆಂಪ್, ಟಾಸ್ಕ್ಸ್, ಸ್ಪೂಲ್ ಡ್ರೈವರ್ಸ್ ಕಲರ್ ಥರದ ಜಾಗಗಳಲ್ಲಿ ಸಾಮಾನ್ಯ ಬಳಕೆದಾರ ಫೈಲು ಇಡಬಲ್ಲ. ಯಾರು ಎಲ್ಲಿ ಬರೆಯಬಲ್ಲರು ಎಂದು ತೋರಿಸುವ, ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್‌ನ ಆ್ಯಕ್ಸೆಸ್‌ಚೆಕ್ ಓಡಿಸಿ ಇವನ್ನೆಲ್ಲ ಹುಡುಕಿ ಅನುಮತಿಯಿಂದ ಹೊರಗಿಟ್ಟೆ. ಜೊತೆಗೆ ವಿಂಡೋಸಿನಲ್ಲೇ ಇರುವ ಎಂಎಸ್‌ಎಚ್‌ಟಿಎ, ಎಂಎಸ್‌ಬಿಲ್ಡ್, ಇನ್‌ಸ್ಟಾಲ್‌ಯುಟಿಲ್ ಎಂಬ ಪ್ರೋಗ್ರಾಂಗಳನ್ನೂ ತಡೆದೆ. ಮೈಕ್ರೋಸಾಫ್ಟಿನದೇ ಸಹಿ ಇರುವ ಇವು ಬೇರೆಯವರ ಕೋಡನ್ನು ಓಡಿಸಿಕೊಡುತ್ತವೆ, ಲೆಕ್ಕದ ಕಚೇರಿಗೆ ಇವುಗಳ ಕೆಲಸವೇ ಇಲ್ಲ.

ಜಾರಿ ಮಾಡಿದ ವಾರ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. “ಸರ, ಇದು ಓಪನ್ ಆಗವಲ್ದ್ರೀ, ಅಡ್ಮಿನ್ ಬ್ಲಾಕ್ ಮಾಡ್ಯಾರ ಅಂತ ಬರಾಕತ್ತೈತಿ.” ಎಲ್ಲಿಂದ ಬಂದ ಫೈಲು ಅಂತ ಕೇಳುತ್ತಿದ್ದೆ. ಬೇಕಾದ್ದಿದ್ದರೆ ಆಗಿಂದಾಗಲೇ ಹೋಗಿ ಇನ್‌ಸ್ಟಾಲ್ ಮಾಡಿಕೊಟ್ಟೆ. ತಡ ಮಾಡಿದರೆ ಜನ ಅಡ್ಡದಾರಿ ಹುಡುಕುತ್ತಾರೆ, ಅದು ಅವರ ತಪ್ಪಲ್ಲ. ಪೆನ್‌ಡ್ರೈವಿನ ಫೋಲ್ಡರುಗಳನ್ನು ಅಡಗಿಸಿ ನಕಲಿ ಶಾರ್ಟ್‌ಕಟ್ ಇಡುವ ವೈರಸ್ಸಿನ ಕಾಟ ಅಲ್ಲಿಗೆ ನಿಂತಿತು: ಶಾರ್ಟ್‌ಕಟ್ ಒತ್ತಿದರೂ ಅದು ಕರೆಯುವ ಸ್ಕ್ರಿಪ್ಟ್ ಓಡುವುದಿಲ್ಲ, ತಡೆದದ್ದಕ್ಕೆ 8007 ಸಂಖ್ಯೆಯ ದಾಖಲೆಯೊಂದು ಉಳಿಯುತ್ತದೆ.

ಇದಕ್ಕೂ ಮಿತಿಯಿದೆ. ಎಕ್ಸೆಲ್ ಮ್ಯಾಕ್ರೊ (ಹಾಳೆಯೊಳಗೆ ಅಡಕವಾದ ಪುಟ್ಟ ಪ್ರೋಗ್ರಾಂ) ಎಕ್ಸೆಲ್ಲಿನ ಒಳಗೇ ಓಡುವುದರಿಂದ ಆ್ಯಪ್‌ಲಾಕರ್‌ಗೆ ಕಾಣುವುದಿಲ್ಲ. ಇಂಟರ್ನೆಟ್ಟಿನಿಂದ ಬಂದ ಮ್ಯಾಕ್ರೊಗಳನ್ನು ವಿಂಡೋಸಿನ ನಿಯಮ ಹೊಂದಿಸುವ ಗ್ರೂಪ್ ಪಾಲಿಸಿಯಿಂದ ಬೇರೆಯಾಗಿ ತಡೆಯಬೇಕಾಯಿತು. ಟಿಡಿಎಸ್ ಯುಟಿಲಿಟಿಗೆ ಜಾವಾ ಬೇಕು. ಜಾವಾಕ್ಕೆ ಅನುಮತಿ ಕೊಟ್ಟರೆ ಯಾವ ಜಾರ್ ಫೈಲಾದರೂ (ಜಾವಾದಲ್ಲಿ ಬರೆದ ಪ್ರೋಗ್ರಾಂ) ಓಡುತ್ತದೆ. ಅದಕ್ಕೇ ಜಾವಾವನ್ನು ಒಂದೇ ಯಂತ್ರದಲ್ಲಿ ಉಳಿಸಿದೆ. ಅದರಲ್ಲಿ ಮೇಲ್ ತೆರೆಯುವಂತಿಲ್ಲ, ಟಿಡಿಎಸ್ ಕೆಲಸದವರು ಅಲ್ಲಿಗೇ ಹೋಗಿ ಕೂರುತ್ತಾರೆ. ಬ್ಯಾಕಪ್ ಡಿಸ್ಕನ್ನು ಸಂಜೆ ನಕಲು ಮುಗಿದ ಮೇಲೆ ಕಿತ್ತು ಬೀರುವಿನಲ್ಲಿಡುವ ರೂಢಿಯನ್ನೂ ಬಿಟ್ಟಿಲ್ಲ. ಆಂಟಿವೈರಸ್ಸನ್ನೂ ತೆಗೆದಿಲ್ಲ, ಹಳೇ ವೈರಸ್ಸುಗಳನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ. ವರ್ಷಕ್ಕೆ ಹಣ ಕಟ್ಟುತ್ತಿದ್ದ ಆಂಟಿವೈರಸ್‌ನ ಅವಧಿ ಮುಗಿದಾಗ ಮಾತ್ರ ಅದನ್ನು ನವೀಕರಿಸದೆ, ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ಗೆ ಬಂದೆವು.