ಬ್ರೆಸ್ಟ್‌ಸ್ಟ್ರೋಕ್: ಕೈ ಮುಂದೆ ಹೋದ ಮೇಲೇ ಕಾಲು ಒದೆಯಲಿ

ದೊಡ್ಡವರಿಗೆ ಬ್ರೆಸ್ಟ್‌ಸ್ಟ್ರೋಕ್, ಅಂದರೆ ಕಪ್ಪೆಯಂತೆ ಬೋರಲಾಗಿ ಈಜುವುದನ್ನು ಹೇಳಿಕೊಡುವಾಗ ನಾನು ಅತಿ ಹೆಚ್ಚು ತಿದ್ದುವುದು ಇದನ್ನೇ: ಕೈ ಎಳೆಯುವಾಗಲೇ ಕಾಲೂ ಒದೆಯುತ್ತಾರೆ. ಮೈ ದಣಿಯುತ್ತದೆ, ಮುಂದೆ ಮಾತ್ರ ಹೋಗುವುದಿಲ್ಲ. ಎಳೆಯುವ ಹೊತ್ತಿಗೆ ಮೊಣಕೈ ಅಗಲವಾಗಿರುತ್ತದೆ, ಎದೆ ಮೇಲೆದ್ದಿರುತ್ತದೆ. ಆಗ ಒದ್ದರೆ ಬಲವೆಲ್ಲ ಎದೆಗೆ ಎದುರಾದ ನೀರನ್ನು ತಳ್ಳುವುದಕ್ಕೇ ಖರ್ಚು. ವೇಗ ಎರಡು ಪಟ್ಟಾದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ವೇಗ ಕೊಡುವ ಒದೆತವನ್ನು ಮೈ ಉದ್ದಕ್ಕೆ ಚಾಚಿರುವಾಗಲೇ ಒದೆಯಬೇಕು.

ಎಳೆಯಿರಿ, ಉಸಿರು ತೆಗೆದುಕೊಳ್ಳಿ, ಕೈ ಚಾಚಿ, ಒದೆಯಿರಿ, ಮೈ ಚಾಚಿಕೊಂಡೇ ನೀರಲ್ಲಿ ಮುಂದೆ ಜಾರಿ. ಕ್ರಮ ಇಷ್ಟೇ.

ಮೊದಲು ಕಾಲು ಕಲಿಯಿರಿ. ಬೇರೆ ಈಜುಗಳಲ್ಲಿ ಕೈಯದೇ ಮೇಲುಗೈ, ಇಲ್ಲಿ ಕಾಲಿನ ಪಾಲು ತುಂಬಾ ದೊಡ್ಡದು. ಗೋಡೆ ಹಿಡಿದು ಬೋರಲು ಮಲಗಿ. ಹಿಮ್ಮಡಿಯನ್ನು ನಿಧಾನವಾಗಿ ಪೃಷ್ಠದ ಕಡೆ ತನ್ನಿ. ಮೊಣಕಾಲನ್ನು ಹೊಟ್ಟೆಯ ಕೆಳಗೆ ಎಳೆದುಕೊಳ್ಳಬೇಡಿ, ತೊಡೆ ನೀರಿಗೆ ಅಡ್ಡ ನಿಂತುಬಿಡುತ್ತದೆ. ಈಗ ಪಾದವನ್ನು ಮೊಣಕಾಲಿನ ಕಡೆ ಮಡಚಿ ಹೊರಗೆ ತಿರುಗಿಸಿ. ಅಂಗಾಲಿನ ಒಳಬದಿ ಮತ್ತು ಕಾಲಿನ ಒಳಬದಿಯಿಂದ ನೀರನ್ನು ಹಿಂದಕ್ಕೆ ಜೋರಾಗಿ ತಳ್ಳಿ, ಕಾಲು ಜೋಡಿಸಿ. ತರುವುದು ನಿಧಾನ, ಒದೆಯುವುದು ಚುರುಕು.

ನನ್ನ ಬೆಳಗಿನ ಬ್ಯಾಚಿನ ಒಬ್ಬ ಮಹಿಳೆಗೆ ಎಡಗಾಲು ಸರಿಯಾಗಿತ್ತು, ಬಲಗಾಲಿನ ಬೆರಳು ಮಾತ್ರ ಪ್ರತಿ ಸಲ ಹಿಂದಕ್ಕೆ ಚಾಚಿಕೊಳ್ಳುತ್ತಿತ್ತು. ಆ ಪಾದ ನೀರನ್ನು ಹಿಡಿಯುತ್ತಲೇ ಇರಲಿಲ್ಲ, ಅವರು ವಾಲುತ್ತಾ ಹೋಗುತ್ತಿದ್ದರು. ಸ್ಪರ್ಧೆಯಲ್ಲಾದರೆ ಇಂಥ ಒದೆತಕ್ಕೆ ಅನರ್ಹತೆ. ಕೊಳದ ಅಂಚಿನಲ್ಲಿ ಕೂರಿಸಿ, ತಮ್ಮ ಪಾದ ತಾವೇ ನೋಡುತ್ತಾ ಒದೆಯಲು ಹೇಳಿದೆ. ಬಲ ಮೀನಖಂಡ ಬಿಗಿಯಾಗಿದೆ ಎಂದು ಅವರಿಗೇ ಗೊತ್ತಾಯಿತು. ದಿನಾ ಅದನ್ನು ಎಳೆದು ಸಡಿಲಿಸಿದ ಮೇಲೆ ಪಾದ ತಿರುಗತೊಡಗಿತು.

ಕೈಯ ಕೆಲಸ ಚಿಕ್ಕದು. ಭುಜಕ್ಕಿಂತ ತುಸು ಅಗಲಕ್ಕೆ ಬಿಡಿಸಿ, ಮೊಣಕೈ ಮೇಲೇ ಇಟ್ಟುಕೊಂಡು ಗದ್ದದ ಕೆಳಗೆ ಒಳಕ್ಕೆ ಗುಡಿಸಿ, ನಿಲ್ಲಿಸದೆ ಮುಂದಕ್ಕೆ ಚಾಚಿ. ಮೊಣಕೈ ಭುಜ ದಾಟಿ ಹಿಂದೆ ಹೋಗಬಾರದು. ಒಳಕ್ಕೆ ಗುಡಿಸುವಾಗ ತಲೆ ತಾನಾಗಿ ಮೇಲೇಳುತ್ತದೆ, ಉಸಿರಿಗೆ ಅಷ್ಟು ಸಾಕು. ಕತ್ತೆತ್ತಿ ಎದುರು ನೋಡಿದರೆ ಸೊಂಟ ಮುಳುಗುತ್ತದೆ.

ನೀರಿನ ಮೇಲ್ಮೈಯಲ್ಲಿ ಅಲೆ ಎಬ್ಬಿಸುವುದಕ್ಕೂ ಶಕ್ತಿ ಹೋಗುತ್ತದೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮಸಾರು ಫುರುಕಾವಾ 200 ಮೀಟರಿನಲ್ಲಿ ಬಹುಪಾಲು ನೀರಿನ ಅಡಿಯಲ್ಲೇ ಈಜಿ ಚಿನ್ನ ಗೆದ್ದರು. ಆಮೇಲೆ ನಿಯಮವೇ ಬದಲಾಯಿತು! ನಮಗೆ ಅಷ್ಟೆಲ್ಲ ಬೇಡ, ಒದೆಯುವಾಗ ತಲೆ ಎರಡು ತೋಳಿನ ನಡುವೆ ಇಳಿದಿದ್ದರೆ ಸಾಕು.

ಟೈಮಿಂಗ್ ಕೂರಬೇಕಾದರೆ ಒಂದು ಎಳೆತಕ್ಕೆ ಎರಡು ಒದೆತ ಮಾಡಿ. ಎರಡನೇ ಒದೆತದಲ್ಲಿ ಕೈ ಚಾಚಿಯೇ ಇರುತ್ತದೆ, ಮೈ ಎಷ್ಟು ದೂರ ಜಾರುತ್ತದೆ ಅಂತ ಅಲ್ಲೇ ತಿಳಿಯುತ್ತದೆ. ನಂತರ ಒಂದಕ್ಕೊಂದು ಮಾಡಿ, ಒದ್ದ ಮೇಲೆ ಮನಸ್ಸಿನಲ್ಲೇ ‘ಒಂದು, ಎರಡು’ ಎಣಿಸಿ. 2019ರಲ್ಲಿ ದಕ್ಷಿಣ ಕೊರಿಯಾದ ಗ್ವಾಂಗ್ಜುವಿನಲ್ಲಿ 100 ಮೀಟರನ್ನು 56.88 ಸೆಕೆಂಡಿನಲ್ಲಿ ಮುಗಿಸಿದ ಬ್ರಿಟನ್ನಿನ ಈಜುಗಾರ ಆ್ಯಡಂ ಪೀಟಿಯಂಥವರು ಜಾರುತ್ತಾ ಕಾಯುವುದಿಲ್ಲ. ಅದನ್ನು ಈಗಲೇ ಅನುಕರಿಸಬೇಡಿ. ಹಾಗಂತ ನಿಂತೇ ಹೋಗುವಷ್ಟು ಹೊತ್ತು ಜಾರುವುದೂ ತಪ್ಪು, ವೇಗ ಇಳಿಯುತ್ತಿದೆ ಅನ್ನಿಸಿದ ಕೂಡಲೇ ಎಳೆಯಿರಿ.

ಮೊಣಕಾಲಿನ ಒಳಬದಿ ನೋಯುತ್ತಿದ್ದರೆ ಅವತ್ತಿಗೆ ಒದೆತ ನಿಲ್ಲಿಸಿ. ಮೊಣಕಾಲು ಜಾಸ್ತಿ ಅಗಲವಾದರೂ, ತೀರಾ ಜೋಡಿಸಿಕೊಂಡರೂ ಅಲ್ಲಿ ಮೂಳೆಗಳನ್ನು ಜೋಡಿಸುವ ಅಸ್ಥಿರಜ್ಜು ಎಳೆಯುತ್ತದೆ. ಸೊಂಟದಷ್ಟು, ಇಲ್ಲ ಅದಕ್ಕಿಂತ ಸ್ವಲ್ಪ ಅಗಲ ಇಟ್ಟು ಮತ್ತೆ ನಿಧಾನವಾಗಿ ಶುರು ಮಾಡಿ.